ಫೋಟೋದ ಅಂಚಿನಲ್ಲಿ ಸಿಕ್ಕ ಬಳ್ಳಾರಿ

ಹಂಪಿಯ ಹಳೇ ಫೋಟೋ ಬೇಕು ಅಂದರೆ ಕಷ್ಟವೇ ಇಲ್ಲ. 1856ರಲ್ಲೇ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಅಲ್ಲಿಗೆ ಕ್ಯಾಮೆರಾ ಹೊರಿಸಿಕೊಂಡು ಬಂದಿದ್ದ. ಮೇಣ ಹಚ್ಚಿದ ಕಾಗದವನ್ನೇ ನೆಗೆಟಿವ್ ಮಾಡಿಕೊಂಡು ಗುಡಿ, ಗೋಪುರ, ಕಲ್ಲಿನ ತೇರು ಎಲ್ಲ ಸೆರೆಹಿಡಿದ. ನೂರು ಚಿಲ್ಲರೆ ವರ್ಷ ಆದಮೇಲೆ, 1980ರ ದಶಕದಲ್ಲಿ, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವನ ಕ್ಯಾಮೆರಾ ನಿಂತಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕಂಬ ಬಿದ್ದಿದೆ, ಯಾವುದು ರಿಪೇರಿ ಆಗಿದೆ ಅಂತ ಬೆರಳಿಟ್ಟು ತೋರಿಸಬಹುದು.

ಅಲ್ಲಿಂದ 60 ಚಿಲ್ಲರೆ ಕಿಲೋಮೀಟರ್ ದೂರದ ಬಳ್ಳಾರಿಯದು? ಕೋಟೆಯ ಫೋಟೋ ಸಿಗುತ್ತದೆ, ಗುಡ್ಡದ್ದು ಸಿಗುತ್ತದೆ. 1955ರ ಬೆಂಗಳೂರು ರಸ್ತೆ ಹೇಗಿತ್ತು, ತೇರು ಬೀದಿಯಲ್ಲಿ ಯಾವ ಅಂಗಡಿ ಇತ್ತು, ಜಟಕಾಗಳು ಎಲ್ಲಿ ನಿಲ್ಲುತ್ತಿದ್ದವು ಅಂತ ಹುಡುಕಲು ಹೋದರೆ ಕೈ ಖಾಲಿ. ಪಾಳು ಬಿದ್ದದ್ದನ್ನು ನೋಡಲು ಸಮುದ್ರ ದಾಟಿ ಬರುತ್ತಾರೆ. ಜನ ಓಡಾಡುವ ಬೀದಿಯನ್ನು ಯಾರು ನೋಡುತ್ತಾರೆ? ಆ ಬೀದಿಯಲ್ಲೇ ಇದ್ದವರಿಗಂತೂ ಅದರ ಫೋಟೋ ತೆಗೆಯಬೇಕು ಅಂತ ಹೊಳೆಯುವುದೇ ಇಲ್ಲ. ಆಗ ಒಂದು ರೋಲಿಗೆ ಬರುತ್ತಿದ್ದದ್ದು 8 ಇಲ್ಲ 12 ಫೋಟೋ. ರೋಲಿಗೂ ದುಡ್ಡು, ತೊಳೆಸಲಿಕ್ಕೂ ದುಡ್ಡು. ಅಷ್ಟು ಖರ್ಚು ಮಾಡಿ ಮದುವೆ ಹೆಣ್ಣನ್ನು ಬಿಟ್ಟು ಸೋಡಾ ಅಂಗಡಿಯ ಫೋಟೋ ತೆಗೆದರೆ ಮನೆಯವರು ಸುಮ್ನೆ ಬಿಡುತ್ತಿದ್ದರಾ?

ಹಾಗಾಗಿ ಬಳ್ಳಾರಿ ನನಗೆ ಸಿಕ್ಕಿದ್ದು ಮದುವೆ ಹೆಣ್ಣಿನ ಹಿಂದೆ.

ದೊಡ್ಡಪ್ಪ ತೀರಿಕೊಂಡಮೇಲೆ ಕಾಳಮ್ಮ ಬೀದಿಯ ಹಳೇ ಮನೆ ಖಾಲಿ ಮಾಡುವಾಗ ಅಟ್ಟದಿಂದ ಒಂದು ಟ್ರಂಕು ಇಳಿಸಿದೆವು. ಮೇಲೆ ಹಳೇ ಧೋತರ, ನುಸಿಗುಳಿಗೆಯ ವಾಸನೆ. ಕೆಳಗೆ ಕಪ್ಪು ಹಾಳೆಯ ಎರಡು ಆಲ್ಬಂ, ಒಂದಷ್ಟು ಬಿಡಿ ಫೋಟೋ, ದಾರ ಕಟ್ಟಿದ ಕಾಗದದ ಕಟ್ಟುಗಳು, ಒಂದು ಹಿತ್ತಾಳೆ ಕೂಜಾ. ದೊಡ್ಡಪ್ಪನಿಗೆ ಏನನ್ನೂ ಬಿಸಾಕುವ ಅಭ್ಯಾಸ ಇರಲಿಲ್ಲ. ಬದುಕಿದ್ದಾಗ ದೊಡ್ಡಮ್ಮ ಇದಕ್ಕೆ ದಿನಾ ಬೈಯುತ್ತಿದ್ದಳು. ನಾನು ಈಗ ಅದೇ ಅಭ್ಯಾಸಕ್ಕೆ ಕೈಮುಗಿಯುತ್ತಿದ್ದೇನೆ.

ಒಂದು ಫೋಟೋದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಂಗೈಗಿಂತ ಸ್ವಲ್ಪ ದೊಡ್ಡದು. ಅಂಚು ಕತ್ತರಿಯಿಂದ ಅಲೆಅಲೆಯಾಗಿ ಕತ್ತರಿಸಿದ ಹಾಗಿದೆ, ಆಗಿನ ಫ್ಯಾಶನ್ ಅದು. ಮನೆಯ ಜಗಲಿ ಮುಂದೆ ಇಪ್ಪತ್ತು ಜನ ನಿಂತಿದ್ದಾರೆ, ಕೂತಿದ್ದಾರೆ. ಗಂಡಸರಿಗೆ ಕೋಟು, ಕೆಳಗೆ ಕಚ್ಚೆ. ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಹುಡುಗರು. ಒಬ್ಬ ಅಲ್ಲಾಡಿಬಿಟ್ಟಿದ್ದಾನೆ, ಅವನಿಗೆ ಮುಖವೇ ಇಲ್ಲ. ನಡುವೆ ಮದುಮಕ್ಕಳು. ಮದುಮಗಳು ನಮ್ಮ ಸೋದರತ್ತೆ. ಈಗ ಅವರಿಗೆ ವಯಸ್ಸಾಗಿದೆ, ಕಣ್ಣು ಮಾತ್ರ ಚುರುಕು.

ನಾನು ಭೂತಗನ್ನಡಿ ಹಿಡಿದು ಬಲಗಡೆಯ ಅಂಚನ್ನು ನೋಡುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತಿದ್ದರು.

"ಏನ್ ನೋಡ್ತಿಯೋ ಅಷ್ಟೊತ್ತು?"

"ಇಲ್ಲೊಂದು ಬೋರ್ಡು ಐತಿ ನೋಡತ್ತೆ. ಅರ್ಧ ಕಾಣ್ತದ."

"ಬೋರ್ಡು ತಗಂಡು ಏನ್ ಮಾಡ್ತಿ? ನನ್ನ ಸೀರಿ ನೋಡು. ಧರ್ಮಾವರಂದು. ನಮ್ಮಪ್ಪ ರೈಲಿಗೆ ಹೋಗಿ ತಂದಿದ್ದ."

ಸೀರೆಯನ್ನೂ ನೋಡಿದೆ. ಕಪ್ಪುಬಿಳುಪಿನಲ್ಲಿ ಅದರ ಬಣ್ಣ ಅತ್ತೆಗೆ ಮಾತ್ರ ಕಾಣುತ್ತದೆ. ಆಮೇಲೆ ಮತ್ತೆ ಬೋರ್ಡಿಗೆ ಬಂದೆ. ಮೇಲೆ ತೆಲುಗು ಅಕ್ಷರ, ಕೆಳಗೆ ಇಂಗ್ಲಿಷಿನಲ್ಲಿ 'ಸೋಡಾ ಫ್ಯಾಕ್ಟರಿ' ಅನ್ನುವುದರ ಮೊದಲ ಅರ್ಧ. ಬೋರ್ಡಿನ ಕೆಳಗೆ ಮರದ ಪೆಟ್ಟಿಗೆ, ಅದರಲ್ಲಿ ಗೋಲಿ ಸೋಡಾದ ಬಾಟಲಿಗಳ ಕತ್ತು. ಪಕ್ಕದಲ್ಲಿ ಒಂದು ಜಟಕಾದ ಚಕ್ರ. ಇಪ್ಪತ್ತು ಜನರ ತಲೆಯ ಮೇಲೆ, ಹೆಂಚಿನ ಮಾಡುಗಳ ಆಚೆ, ಒಂದು ಉದ್ದನೆಯ ಹೊಗೆಕೊಳವೆ.

ಹೊಗೆಕೊಳವೆ ಕಂಡಿದ್ದೇ ನನಗೆ ಎದ್ದು ಓಡಾಡುವ ಹಾಗಾಯಿತು. ಬಳ್ಳಾರಿ ಹತ್ತಿಯ ಊರು. ಸುತ್ತಲಿನ ಎರೆಭೂಮಿಯ ಹತ್ತಿ ಎತ್ತಿನ ಗಾಡಿಗಳಲ್ಲಿ ಇಲ್ಲಿಗೆ ಬರುತ್ತಿತ್ತು. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕಾಳು ಬಿಡಿಸಿ, ಪ್ರೆಸ್ಸಿನಲ್ಲಿ ಒತ್ತಿ, ಅಂಡಿಗೆ ಕಟ್ಟಿ ರೈಲಿಗೆ ಹಾಕುತ್ತಿದ್ದರು. ಈಗ ಬಳ್ಳಾರಿ ಅಂದರೆ ಜೀನ್ಸ್ ಅನ್ನುತ್ತಾರೆ, ಅದಿರು ಅನ್ನುತ್ತಾರೆ. ಅದಕ್ಕೂ ಮುಂಚೆ ಊರಿನ ದಿಕ್ಕು ಗೊತ್ತಾಗುತ್ತಿದ್ದದ್ದು ಗುಡ್ಡದಿಂದ ಮತ್ತು ಈ ಹೊಗೆಕೊಳವೆಗಳಿಂದ. ಫೋಟೋದಲ್ಲಿ ಕಾಣುವ ಈ ಹೊಗೆಕೊಳವೆ ಈಗಿಲ್ಲ. ಹಾಗಾದರೆ ಅದು ಎಲ್ಲಿತ್ತು?

ಇಲ್ಲಿ ಬಳ್ಳಾರಿಯವರಿಗೆ ಒಂದು ಅನುಕೂಲ ಇದೆ. ಬೇರೆ ಊರಿನಲ್ಲಿ ಕಟ್ಟಡ ಹೋದರೆ ಗುರುತೇ ಹೋಯಿತು. ನಮಗೆ ಗುಡ್ಡ ಇದೆ. ಕೋಟೆ ಗುಡ್ಡದ ಬಂಡೆಗಳು 70 ವರ್ಷದಲ್ಲಿ ಒಂದು ಅಂಗುಲ ಅತ್ತಿತ್ತ ಆಗಿಲ್ಲ. ಹಳೇ ಫೋಟೋದಲ್ಲಿ ಗುಡ್ಡದ ಒಂದು ತುದಿ ಕಂಡರೂ ಸಾಕು. ಯಾವ ಬಂಡೆ ಯಾವ ಬುರುಜಿನ ಕೆಳಗೆ ಬರುತ್ತದೆ ಅಂತ ನೋಡಿಕೊಳ್ಳಬೇಕು. ಆಮೇಲೆ ಬೀದಿಯಲ್ಲಿ ನಿಂತು, ಅದೇ ಬಂಡೆ ಅದೇ ಬುರುಜಿನ ಕೆಳಗೆ ಬರುವ ತನಕ ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾ ಹೋಗಬೇಕು. ಪಕ್ಕದ ಕುಂಬಾರ ಗುಡ್ಡವೂ ಫ್ರೇಮಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಎರಡು ಗುಡ್ಡಗಳ ನಡುವಿನ ಸಂದು ನಾವು ನಿಂತ ಜಾಗದ ಪ್ರಕಾರ ಅಗಲ ಆಗುತ್ತದೆ, ಕಿರಿದಾಗುತ್ತದೆ. ಫೋಟೋದಲ್ಲಿ ಇರುವಷ್ಟೇ ಸಂದು ಕಣ್ಣಿಗೆ ಕಂಡರೆ ಕ್ಯಾಮೆರಾ ಇದ್ದ ಗೆರೆಯ ಮೇಲೆ ನಾವಿದ್ದೇವೆ ಅಂತ ಅರ್ಥ.

ಕುಂಬಾರ ಗುಡ್ಡದ ಮಾತು ಬಂತು ಅಂತ ಹೇಳುತ್ತೇನೆ. ಹೈದರಾಲಿ ಫ್ರೆಂಚ್ ಎಂಜಿನಿಯರ್ ಒಬ್ಬನ ಕೈಯಲ್ಲಿ ಕೋಟೆ ಸರಿ ಮಾಡಿಸಿದನಂತೆ. ಕೆಲಸ ಮುಗಿದಮೇಲೆ ಪಕ್ಕದ ಕುಂಬಾರ ಗುಡ್ಡವೇ ಎತ್ತರ ಅಂತ ಗೊತ್ತಾಗಿ ಅವನನ್ನು ಕೋಟೆ ಬಾಗಿಲಿಗೇ ನೇಣು ಹಾಕಿಸಿದನಂತೆ. ಬಳ್ಳಾರಿಯಲ್ಲಿ ಈ ಕಥೆ ಕೇಳದೆ ಬೆಳೆದ ಮಕ್ಕಳಿಲ್ಲ. ಪಾಪ ಆ ಎಂಜಿನಿಯರ್. ನನಗೆ ಮಾತ್ರ ಗುಡ್ಡ ಎರಡಿದ್ದದ್ದೇ ಲಾಭ ಆಯಿತು.

ಹೀಗೆ ಪಕ್ಕದ ಮನೆ ಹುಡುಗನನ್ನು ಕರೆದುಕೊಂಡು, ಫೋನಿನಲ್ಲಿ ಹಳೇ ಫೋಟೋ ಹಿಡಿದು, ಬೆಳಗಿನ ಹೊತ್ತು ಬೀದಿ ಸುತ್ತಿದೆವು. ಹಾಲಿನವರು, ಪೇಪರಿನವರು ನಮ್ಮನ್ನು ಸೈಟು ಅಳೆಯುವವರು ಅಂದುಕೊಂಡರು. "ರೋಡ್ ವೈಡನಿಂಗಾ ಸರ್?" ಅಂತ ಒಬ್ಬರು ಗಾಬರಿಯಿಂದಲೇ ಕೇಳಿದರು. ಜಗಲಿ ಇದ್ದ ಕಡೆ ಈಗ ಮೂರಂತಸ್ತಿನ ಕಟ್ಟಡ, ಕೆಳಗೆ ಮೊಬೈಲ್ ರಿಪೇರಿ ಅಂಗಡಿ. ಸೋಡಾ ಫ್ಯಾಕ್ಟರಿ ಇದ್ದಿರಬೇಕಾದ ಕಡೆ ಎಟಿಎಂ. ಹೊಗೆಕೊಳವೆಯ ದಿಕ್ಕಿನಲ್ಲಿ ನೋಡಿದರೆ ನೀರಿನ ಸಿಂಟೆಕ್ಸ್ ಟ್ಯಾಂಕುಗಳ ಸಾಲು. ಗುಡ್ಡ ನೋಡಬೇಕಾದರೆ ಮಹಡಿ ಹತ್ತಬೇಕಾಯಿತು. ಬೀದಿಯಿಂದ ಕಾಣುತ್ತಿದ್ದ ಗುಡ್ಡ ಈಗ ಕಾಣುವುದಿಲ್ಲ ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಕಳೆದುಹೋದದ್ದರ ಪಟ್ಟಿಯಲ್ಲಿ ಅದನ್ನೂ ಬರೆದುಕೊಂಡೆ.

ಜಾಗ ಸಿಕ್ಕಿತು, ಕಾಲ? ಅದಕ್ಕೆ ಫೋಟೋ ತಿರುಗಿಸಬೇಕು. ಬೆನ್ನಿನ ಮೇಲೆ ತೆಳುವಾಗಿ 'ವೆಲಾಕ್ಸ್' ಅಂತ ಮುದ್ರೆ ಇದ್ದರೆ ಅದು ಕೊಡಾಕ್ ಕಾಗದ. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ 'ಇಂದು' ಹೆಸರು ಕಂಡರೆ 60ರ ದಶಕದ ಕೊನೆಗೆ, ಅಥವಾ ಆಮೇಲೆ ಬರಬೇಕು. ಕಪ್ಪು ಇರುವ ಕಡೆಯೆಲ್ಲ ಅಂಚಿನಿಂದ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೆ ಅದು ನಿಜವಾಗಿ ಬೆಳ್ಳಿಯೇ, ಕಾಗದದ ಮೇಲಿನ ಬೆಳ್ಳಿ ವರ್ಷಗಳ ಮೇಲೆ ಮೇಲಕ್ಕೆ ಬಂದಿರುತ್ತದೆ. ಅದನ್ನು ಬಟ್ಟೆಯಿಂದ ಉಜ್ಜಬೇಡಿ. 80ರ ದಶಕದ ಅಂಟು ಹಾಳೆಯ ಆಲ್ಬಂನಿಂದ ಫೋಟೋ ಕೀಳುವ ಸಾಹಸಕ್ಕೂ ಹೋಗಬೇಡಿ. ಹಾಳೆ ಸಮೇತ ಫೋಟೋ ಹೊಡೆದುಕೊಳ್ಳಿ, ಸಾಕು.

ಇನ್ನು ಕಾಗದಗಳು. ಇವು ಫೋಟೋಗಿಂತ ಹೆಚ್ಚು ಬಾಯಿ ಬಿಡುತ್ತವೆ. ಮದುವೆ ಪತ್ರಿಕೆಯಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ರಸೀದಿಯಲ್ಲಿ 'ನಯಾ ಪೈಸೆ' ಅಂತ ಇದ್ದರೆ 1957ರಿಂದ 1964ರ ಒಳಗೆ. ಆಣೆ, ಕಾಸಿನ ಲೆಕ್ಕ ಇದ್ದರೆ ಅದಕ್ಕೂ ಹಿಂದೆ, ಆದರೆ ಇದನ್ನು ಪೂರ್ತಿ ನಂಬಬೇಡಿ. ನಮ್ಮ ದೊಡ್ಡಪ್ಪ ಸಾಯುವ ತನಕ ನಾಲ್ಕಾಣೆ, ಎಂಟಾಣೆಯಲ್ಲೇ ಮಾತಾಡಿದ.

ಎಲ್ಲಕ್ಕಿಂತ ಹೆಚ್ಚು ಮಾತಾಡುವುದು ವಿಳಾಸ. ಅಜ್ಜನ ಶಾಲೆಯ ಸರ್ಟಿಫಿಕೇಟಿನಲ್ಲಿ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ದೊಡ್ಡಪ್ಪನ ನೌಕರಿ ಆರ್ಡರಿನಲ್ಲಿ ಬಳ್ಳಾರಿ, ಮೈಸೂರು ರಾಜ್ಯ. ನನ್ನ ಅಂಕಪಟ್ಟಿಯಲ್ಲಿ ಬಳ್ಳಾರಿ, ಕರ್ನಾಟಕ. ಮನೆ ಮಾತ್ರ ಕಾಳಮ್ಮ ಬೀದಿಯಲ್ಲೇ ಇತ್ತು. 1800ರಲ್ಲಿ ನಿಜಾಮ ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗಿನಿಂದ ನಾವು ಮದ್ರಾಸಿನವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲೂಕು ಯಾರದು ಅನ್ನುವ ಜಗಳ ಕೊನೆಯ ತನಕ ಎಳೆದಾಡಿತ್ತು. ಅದಕ್ಕಾಗಿಯೇ ಮಿಶ್ರಾ ಆಯೋಗ ಕೂರಬೇಕಾಯಿತು. ಮೈಸೂರಿಗೆ ಸೇರಿದ ಸಂಭ್ರಮಕ್ಕೆ ಹಾಕಿದ್ದ ಪೆಂಡಾಲು ಕಾಯುತ್ತಿದ್ದ ರಂಜಾನ್ ಸಾಬ್ ಮೇಲೆ ರಾತ್ರಿ ಆಸಿಡ್ ಬಲ್ಬ್ ಎಸೆದರು, ಅವರು ಉಳಿಯಲಿಲ್ಲ. ನಮ್ಮ ಟ್ರಂಕಿನಲ್ಲಿ ಆ ದಿನದ ಒಂದೂ ಫೋಟೋ ಇಲ್ಲ. ಅಷ್ಟು ದೊಡ್ಡ ದಿನ, ಅಂಗಳದಲ್ಲೇ ನಡೆದದ್ದು, ಒಂದೂ ಇಲ್ಲ.

ಆದರೆ ಕೂಜಾ ಇದೆ. ಅದರ ಕತ್ತಿನ ಕೆಳಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಅಜ್ಜನ ಹೆಸರು ಕೊರೆಸಿದ್ದಾರೆ. ಹೆಸರು ಅಪ್ಪಟ ಕನ್ನಡದ್ದು, ಲಿಪಿ ತೆಲುಗು. ಅಜ್ಜ ಮನೆಯಲ್ಲಿ ಕನ್ನಡ ಆಡುತ್ತಿದ್ದ, ಲೆಕ್ಕ ತೆಲುಗಿನಲ್ಲಿ ಬರೆಯುತ್ತಿದ್ದ, ಅರ್ಜಿ ಇಂಗ್ಲಿಷಿನಲ್ಲಿ ಬರೆಸುತ್ತಿದ್ದ. ಗಡಿ ಗೆರೆ ಎಳೆದವರಿಗೆ ಇಂಥ ಮನೆಗಳು ತಲೆನೋವೇ ಆಗಿರಬೇಕು. ಪೇಟೆಯ ಫೋಟೋಗಳಲ್ಲಿಯೂ ಅದೇ ಕಥೆ. ಹಳೆಯದರಲ್ಲಿ ಬೋರ್ಡುಗಳು ತೆಲುಗು, ಇಂಗ್ಲಿಷ್. ವರ್ಷ ಕಳೆದ ಹಾಗೆ ಕನ್ನಡ ಮೊದಲು ಪಕ್ಕಕ್ಕೆ ಬರುತ್ತದೆ, ಆಮೇಲೆ ಮೇಲಕ್ಕೆ ಹೋಗುತ್ತದೆ.

ಕೂಜಾ ಹೋಗುತ್ತಿದ್ದದ್ದು ರೈಲಿನಲ್ಲಿ. ಆಗ ಬಳ್ಳಾರಿಯದು ಮೀಟರ್ ಗೇಜ್, ಕಿರಿದಾದ ಹಳಿ. ಹುಬ್ಬಳ್ಳಿಯಿಂದ ಗುಂತಕಲ್ಲಿಗೆ ಹೋಗುವ ಲೈನು, 1951ರ ತನಕ ಎಂಎಸ್ಎಂ (ಮದ್ರಾಸ್ ಅಂಡ್ ಸದರ್ನ್ ಮರಾಠಾ) ರೈಲ್ವೆ, ಆಮೇಲೆ ಸದರ್ನ್ ರೈಲ್ವೆ. ಮದ್ರಾಸಿಗೆ ಹೋಗಬೇಕಾದರೆ ಗುಂತಕಲ್ಲಿನಲ್ಲಿ ಇಳಿದು ಅಗಲ ಹಳಿಯ ಗಾಡಿ ಹಿಡಿಯಬೇಕು. ಹೋಲ್ಡಾಲು, ಟ್ರಂಕು, ಬುತ್ತಿ, ಕೂಜಾ, ಮಕ್ಕಳು, ಎಲ್ಲವನ್ನೂ ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಸಾಗಿಸಬೇಕು. ನಮ್ಮ ಮನೆಯಲ್ಲಿ ಹಳೇ ಪ್ರಯಾಣದ ಕಥೆಗಳೆಲ್ಲ ಗುಂತಕಲ್ಲಿನಲ್ಲೇ ನಡೆಯುತ್ತವೆ. ಯಾರೋ ಕಳೆದುಹೋದದ್ದು ಗುಂತಕಲ್ಲಿನಲ್ಲಿ, ಯಾರಿಗೋ ಸಂಬಂಧ ಕೂಡಿದ್ದು ಗುಂತಕಲ್ಲಿನಲ್ಲಿ. ಆಮೇಲೆ ಈ ಲೈನೂ ಬ್ರಾಡ್ ಗೇಜ್ ಆಯಿತು. ಕಟ್ಟಿನಲ್ಲಿ ಒಂದು ರಟ್ಟಿನ ಟಿಕೆಟ್ ಸಿಕ್ಕಿತು, ಬಳ್ಳಾರಿಯಿಂದ ಹೊಸಪೇಟೆಗೆ, ಮೂರನೇ ದರ್ಜೆ. ಇಳಿದ ಕಡೆ ಗೇಟಿನಲ್ಲಿ ವಾಪಸ್ ಕೊಡಬೇಕಾದ ಟಿಕೆಟ್ ಅದು. ಕೊಡದೆ ಹೇಗೆ ಬಂದ, ಕೇಳೋಣ ಅಂದರೆ ದೊಡ್ಡಪ್ಪ ಇಲ್ಲ.

ಹೊಸಪೇಟೆಗೆ ಯಾಕೆ ಹೋಗಿದ್ದ ಅನ್ನುವುದು ಆಲ್ಬಂನಲ್ಲೇ ಇದೆ. ತುಂಗಭದ್ರಾ ಡ್ಯಾಮ್! ಆ ಕಾಲದ ಬಳ್ಳಾರಿಯ ಆಲ್ಬಂ ಯಾವುದೇ ತೆರೆಯಿರಿ, ಡ್ಯಾಮ್ ಮುಂದೆ ನಿಂತ ಫೋಟೋ ಒಂದು ಇದ್ದೇ ಇರುತ್ತದೆ. 1945ರಲ್ಲಿ ಈ ದಡದಲ್ಲಿ ಮದ್ರಾಸ್ ಸರ್ಕಾರ, ಆ ದಡದಲ್ಲಿ ಹೈದರಾಬಾದ್ ಸಂಸ್ಥಾನ ಅಡಿಗಲ್ಲು ಹಾಕಿದವು. ಕಟ್ಟಿ ಮುಗಿಸಿ 1953ರಲ್ಲಿ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಹೈದರಾಬಾದ್ ಸಂಸ್ಥಾನವೇ ಇರಲಿಲ್ಲ. ಸಿಮೆಂಟ್ ಕಾಂಕ್ರೀಟಿನ ಬದಲು ಕಲ್ಲು, ಸುರ್ಕಿ (ಇಟ್ಟಿಗೆ ಪುಡಿ) ಗಾರೆಯಲ್ಲಿ ಎಬ್ಬಿಸಿದ ಗೋಡೆ, 33 ಗೇಟು. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಾನು ಎಲ್ಲಕ್ಕಿಂತ ಮೊದಲು ಈ ಆಲ್ಬಂ ತೆಗೆದೆ. ದೊಡ್ಡಪ್ಪ ಡ್ಯಾಮಿನ ಮುಂದೆ ಎದೆ ಉಬ್ಬಿಸಿ ನಿಂತಿದ್ದಾನೆ, ತಾನೇ ಕಟ್ಟಿದ ಹಾಗೆ. 1876ರ ದೊಡ್ಡ ಬರದ ಕಥೆ ಕೇಳಿ ಬೆಳೆದ ಸೀಮೆಯವರಿಗೆ ಅಷ್ಟು ನೀರು ಒಂದೇ ಕಡೆ ನೋಡಿದರೆ ಎದೆ ಉಬ್ಬದೆ ಇರುತ್ತದಾ? ಹಾಗೆ ನಿಂತವನ ಬೆನ್ನ ಹಿಂದಿನ ನೀರಿನ ಕೆಳಗೆ ಹತ್ತಾರು ಹಳ್ಳಿ ಇದ್ದವು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಬಂದು ಊರು ಕಟ್ಟಿಕೊಂಡರು. ಅವರ ಊರಿನ ಫೋಟೋ ಯಾರ ಟ್ರಂಕಿನಲ್ಲಿದೆಯೋ.

ನಾಟಕದ ಒಂದು ಹ್ಯಾಂಡ್‌ಬಿಲ್ಲೂ ಸಿಕ್ಕಿತು. ಗುಲಾಬಿ ಬಣ್ಣದ ತೆಳು ಕಾಗದ, ಮುಟ್ಟಿದರೆ ಮುರಿಯುತ್ತದೆ. 'ಸ್ತ್ರೀಯರಿಗೆ ಪ್ರತ್ಯೇಕ ಸ್ಥಳ' ಅಂತ ದಪ್ಪಕ್ಷರ. ಸ್ಥಳ ಅನ್ನುವ ಕಡೆ ಯಾವುದೋ ಥಿಯೇಟರಿನ ಹೆಸರಿಲ್ಲ, 'ಜಿನ್ನಿಂಗ್ ಫ್ಯಾಕ್ಟರಿ ಪಕ್ಕದ ಬಯಲು' ಅಂತ ಇದೆ. ಅದು ನನ್ನ ಹೊಗೆಕೊಳವೆಯ ಫ್ಯಾಕ್ಟರಿಯೇ ಇರಬೇಕು ಅಂತ ನನ್ನ ಆಸೆ. ಈ ಊರಿಗೆ ನಾಟಕ ಹೊಸದಲ್ಲ. ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭಾ, ಎರಡೂ ಇಲ್ಲಿಯವೇ. ಇಬ್ಬರೂ ಕೋರ್ಟಿನ ವಕೀಲರು, ಸಂಜೆಗೆ ನಾಟಕಕಾರರು. ಹೆಸರಾಂತ ನಟ ಬಳ್ಳಾರಿ ರಾಘವ ಕೂಡ ವಕೀಲರೇ. 1946ರಲ್ಲಿ ಅವರು ತೀರಿಕೊಂಡರು, ಅವರ ಹೆಸರಿನ ಕಲಾಮಂದಿರ ಈಗಲೂ ಇದೆ. ದೊಡ್ಡವರ ಹೆಸರಿಗೆ ಕಟ್ಟಡ ಸಿಗುತ್ತದೆ. ಟೆಂಟು ಹಾಕಿ, ಮೂರು ತಿಂಗಳು ಆಡಿ, ಗೂಟ ಕಿತ್ತುಕೊಂಡು ಹೋದ ಕಂಪನಿಗಳಿಗೆ ಗುಲಾಬಿ ಕಾಗದವೇ ಗತಿ.

ಟ್ರಂಕಿನ ಹೊರಗಿನದು ಒಂದು ಹೇಳಲೇಬೇಕು. ಅಂಚೆ ಚೀಟಿ ಕೂಡಿಡುವ ಗೆಳೆಯರೊಬ್ಬರಿದ್ದಾರೆ. ಅವರಿಂದ ತಿಳಿದದ್ದು: 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಪುಸ್ ಮಾತ್ ವಿಮಾನದಲ್ಲಿ ಟಪಾಲು ತಂದರಲ್ವಾ, ಆ ಟಪಾಲು ಮುಂಬಯಿಯಿಂದ ಮದ್ರಾಸಿಗೆ ಹೋದದ್ದು ಬಳ್ಳಾರಿಯ ಮೇಲೆ. ಆ ಹಾರಾಟದ ಪೈಲಟ್ ನೆವಿಲ್ ವಿನ್ಸೆಂಟ್. ಮೊದಲ ಹಾರಾಟದ ಆ ಲಕೋಟೆಗಳನ್ನು ಈಗ ಜನ ಹರಾಜಿನಲ್ಲಿ ಕೊಳ್ಳುತ್ತಾರೆ. ಟಾಟಾ ವಿಮಾನ ಟಪಾಲಿನ ಮೊದಲ ದಾರಿಯಲ್ಲೇ ನಮ್ಮೂರಿನ ಹೆಸರಿದೆ. ಶಾಲೆಯಲ್ಲಿ ಒಬ್ಬ ಮೇಷ್ಟ್ರೂ ನಮಗೆ ಇದನ್ನು ಹೇಳಲಿಲ್ಲ.

ಇತ್ತೀಚೆಗೆ ಹಳೇ ಫೋಟೋಗಳಿಗೆ ಬಣ್ಣ ಹಚ್ಚಿ, ಮುಖ ತಿದ್ದಿಕೊಡುವ ಆಪ್‌ಗಳು ಬಂದಿವೆ. ಪಕ್ಕದ ಮನೆ ಹುಡುಗ ಅತ್ತೆಯ ಮದುವೆ ಫೋಟೋಗೆ ಹಾಕಿ ನೋಡಿದ. ಅತ್ತೆಯ ಮುಖ ನುಣ್ಣಗೆ ಗೊಂಬೆಯ ಹಾಗಾಯಿತು. ಅಲ್ಲಾಡಿದ ಹುಡುಗನಿಗೆ ಯಾರದೋ ಮುಖ ಬಂತು. ಸೋಡಾ ಬೋರ್ಡಿನ ಅಕ್ಷರಗಳು ಯಾವ ಭಾಷೆಯೂ ಅಲ್ಲದ ಗೀಚು ಆದವು, ಹೊಗೆಕೊಳವೆ ಮೋಡದಲ್ಲಿ ಕರಗಿತು. ಅತ್ತೆ ತಮ್ಮ ಸೀರೆ ನೋಡಿ, "ಹಸಿರು ಮಾಡ್ಯಾನಲ್ಲೋ! ಅದು ಬದನಿಕಾಯಿ ಬಣ್ಣ" ಅಂದರು. ನನ್ನ ಮಾತು ಇಷ್ಟೇ: ಏನು ಬೇಕಾದರೂ ಮಾಡಿ, ಮೂಲ ಫೋಟೋದ ಸ್ಕ್ಯಾನ್ ಒಂದನ್ನು ಹಾಗೇ ಇಟ್ಟಿರಿ, ಅಂಚು ಕತ್ತರಿಸದೆ. ಆಪ್‌ಗೆ ಮುಖ ಮುಖ್ಯ. ಊರು ಇರುವುದು ಮುಖ ಬಿಟ್ಟು ಉಳಿದ ಕಡೆ.

ಹಾಗಂತ 'ಆ ಕಾಲವೇ ಚೆಂದ' ಅನ್ನುವ ಗುಂಪಿಗೆ ನನ್ನನ್ನು ಸೇರಿಸಬೇಡಿ. ಈ ಆಲ್ಬಂಗಳಲ್ಲಿ ಯಾರಿಲ್ಲ ಅಂತಲೂ ನೋಡಬೇಕು. ಜಿನ್ನಿಂಗ್ ಫ್ಯಾಕ್ಟರಿಯ ಹೊಗೆಕೊಳವೆ ಇದೆ, ಒಳಗೆ ಹತ್ತಿಯ ಧೂಳು ಕುಡಿಯುತ್ತಾ ದುಡಿದ ಹೆಂಗಸರ ಒಂದು ಫೋಟೋ ಇಲ್ಲ. ಜಟಕಾದ ಚಕ್ರ ಇದೆ, ಜಟಕಾದವನಿಲ್ಲ. ಸ್ಟುಡಿಯೋಗೆ ದುಡ್ಡು ಕೊಡಬಲ್ಲ ಮನೆಗಳ ಬಳ್ಳಾರಿ ಇದು. ಕೌಲ್ ಬಜಾರಿನ ಗಲ್ಲಿಗಳ ಬಳ್ಳಾರಿ ಬೇಕಾದರೆ ಬೇರೆ ಟ್ರಂಕು ಹುಡುಕಬೇಕು. ಟ್ರಂಕೇ ಇಲ್ಲದ ಮನೆಗಳಲ್ಲಿ ಕೂತು ಮಾತು ಕೇಳಬೇಕು. ನಾನದನ್ನು ಈಗಷ್ಟೇ ಶುರು ಮಾಡಿದ್ದೇನೆ. ಕಂಟೋನ್ಮೆಂಟಿನ ಕಡೆಯ ಒಬ್ಬ ಅಜ್ಜ, ಅವರಪ್ಪ ಜಟಕಾ ಹೊಡೆಯುತ್ತಿದ್ದರಂತೆ, ಸ್ಟ್ಯಾಂಡಿನಲ್ಲಿ ಕುದುರೆಗಳಿಗೆ ನೀರಿನ ತೊಟ್ಟಿ ಎಲ್ಲಿತ್ತು ಅಂತ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಅದರ ಫೋಟೋ ಹೊಡೆದುಕೊಂಡಿದ್ದೇನೆ, ಮಣ್ಣಿನ ಮೇಲಿನ ಗೆರೆಗಳದ್ದು.

ಹೊಗೆಕೊಳವೆಯ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಒಂದೇ ಫೋಟೋದಿಂದ ಅದು ಯಾವ ಗೆರೆಯ ಮೇಲಿತ್ತು ಅಂತ ಹೇಳಬಹುದು, ಎಷ್ಟು ದೂರ ಅಂತ ಹೇಳಲಾಗುವುದಿಲ್ಲ. ಬೇರೆ ಬೀದಿಯಿಂದ ತೆಗೆದ ಇನ್ನೊಂದು ಫೋಟೋ ಬೇಕು. ಆಗ ಎರಡು ಗೆರೆ ಕೂಡುವ ಕಡೆ ಫ್ಯಾಕ್ಟರಿ. ಅತ್ತೆಯ ಗಂಡನ ಮನೆ ಆದೋನಿ. ಮದುವೆಯ ದಿಬ್ಬಣದ ಉಳಿದ ಫೋಟೋಗಳೆಲ್ಲ ಆ ಕಡೆಯವರ ಹತ್ತಿರ ಹೋಗಿವೆ, ಈಗ ಅದು ಆಂಧ್ರ. ಅತ್ತೆಯ ಮೈದುನನ ಮಗನಿಗೆ ಫೋನ್ ಮಾಡಿದೆ. ಆಲ್ಬಂ ಇದೆಯಂತೆ, ದಿಬ್ಬಣ ಬೀದಿಯಲ್ಲಿ ಹೋಗುವಾಗಿನ ಎರಡು ಫೋಟೋ ಅದರಲ್ಲಿವೆಯಂತೆ. "ವಾಟ್ಸಾಪ್‌ನಲ್ಲಿ ಕಳಿಸು ಮಾರಾಯ" ಅಂದೆ. ಕಳಿಸಿದ. ಮದುಮಕ್ಕಳು ಮಾತ್ರ ಕಾಣುವ ಹಾಗೆ ಅಂಚನ್ನೆಲ್ಲ ಕತ್ತರಿಸಿ ಕಳಿಸಿದ್ದ. ಬರುವ ಭಾನುವಾರ ಆಲೂರು ಮೇಲೆ ಬಸ್ಸು ಹಿಡಿಯುತ್ತೇನೆ. ಅತ್ತೆಯೂ ಬರುತ್ತೇನೆ ಅಂದಿದ್ದಾರೆ.